ಅಜ್ಜಯ್ಯನ ಜವಳ

ತಂಪಾದ ಊರಿಗೆ ಹೋದಾಗ ಗಂಡಸಾದವನು ಬಾಯಿ ಬಿಡಬಾರದು. ನಮ್ಮ ಬಳ್ಳಾರಿಯ ಬಿಸಿಲಲ್ಲಿ ನಾನು ಯಾರಿಗೂ ಮಾತು ಕೊಟ್ಟವನಲ್ಲ. ಬೆವರು ಒರೆಸಿಕೊಳ್ಳುವುದರಲ್ಲೇ ಆಡಬೇಕಾದ ಮಾತು ಮರೆತುಹೋಗುತ್ತದೆ. ಮದುವೆಯಾದ ಹೊಸತರಲ್ಲಿ ಊಟಿಗೆ ಹೋದೆ ನೋಡಿ, ಅಲ್ಲಿ ಕೆಟ್ಟೆ. ಹೆಂಡತಿ ಗಿರಿಜಾ ಒಂದು ಹೂಕುಂಡದ ಮುಂದೆ ನಿಂತುಬಿಟ್ಟಳು. ಎಲೆ ಕಾಣದಷ್ಟು ಗುಲಾಬಿ ಬಣ್ಣದ ಹೂ. ಅಜೇಲಿಯಾ ಅಂತೆ. ‘ನಮ್ಮೂರಾಗ ಇದು ಬದುಕತೈತೇನ್ರಿ?’ ಅಂದಳು. ಸುತ್ತ ಮಂಜು, ಕೊರಳಿಗೆ ಮಫ್ಲರು, ಪಕ್ಕದಲ್ಲಿ ಹೊಸ ಹೆಂಡತಿ. ‘ಬದುಕೋದೇನು, ಬರೋ ವರ್ಷನೂ ಹೂ ಬಿಡಸ್ತೀನಿ’ ಅಂದುಬಿಟ್ಟೆ. ‘ನೋಡೂಣು’ ಅಂದಳು. ಸಿರುಗುಪ್ಪದ ಹೆಣ್ಣುಮಕ್ಕಳ ಬಾಯಲ್ಲಿ ಈ ‘ನೋಡೂಣು’ ಬಂತೆಂದರೆ ಕೋರ್ಟಿನ ವಾಯಿದೆ ಬಿದ್ದ ಹಾಗೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಗಿಡ ಮಾರಿದ ಮಾಲಿ ಪಾಠ ಹೇಳಿದ್ದ: ಹೂವಿರುವಾಗ ಬಿಸಿಲು ತಾಗಬಾರದು, ಮಣ್ಣು ಒಣಗಬಾರದು, ಹೂವಿನ ಮೇಲೆ ನೀರು ಸುರಿಯಬಾರದು. ಬಾಡಿದ ಕೂಡಲೇ ಹೂ ಚಿವುಟಿ, ಟೊಂಗೆಯ ತುದಿ ಕತ್ತರಿಸಬೇಕು. ತಡಮಾಡಿದರೆ ಬರುವ ವರ್ಷದ ಮೊಗ್ಗೇ ಕತ್ತರಿಗೆ ಹೋಗುತ್ತದೆ. ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ತಂಪೆಂಬುದು ಇದ್ದದ್ದು ನೀರಿನ ಹರವಿಯ ಮಗ್ಗುಲಲ್ಲಿ ಮಾತ್ರ. ಬೇಸಿಗೆಯಲ್ಲಿ ನಾನು ಉರುಳಿಕೊಳ್ಳುತ್ತಿದ್ದುದು ಅಲ್ಲೇ. ಗಿಡ ಅಲ್ಲಿ ಕೂತಿತು, ನಾನು ಕಾದ ಪಡಸಾಲೆಗೆ ವರ್ಗವಾದೆ.

‘ಏನಲೇ ಇದರ ಹೆಸರು?’ ಅಂದಳು ಅವ್ವ.

‘ಅಜೇಲಿಯಾ.’

‘ಅಜ್ಜಯ್ಯಾ?’

ಅವ್ವನಿಗೆ ಕಿವಿ ತುಸು ದೂರ, ಭಕ್ತಿ ಬಲು ಹತ್ತಿರ. ಮಠದ ಅಜ್ಜಯ್ಯನೇ ಮನೆಗೆ ಬಂದಂತಾಗಿ, ಮರುದಿನವೇ ಕುಂಡದ ಹಣೆಗೆ ಮೂರೆಳೆ ವಿಭೂತಿ ಬಿತ್ತು. ಹೂ ಬಾಡಿ, ನಾನು ಕತ್ತರಿ ಹಿಡಿದು ಕೂತಿದ್ದೇ ತಡ, ‘ಲೇ, ಅಜ್ಜಯ್ಯನ ಮೈಗೆ ಕತ್ತರಿ ಹಚ್ಚತೀಯೇನಲೇ?’ ಎಂದು ಕಸಿದುಕೊಂಡಳು. ದಿನ ಉರುಳಿದವು. ಹೂವಿನ ಹಾಗೆ ನಾನು ಕೊಟ್ಟ ಮಾತೂ ಬಾಡತೊಡಗಿತು. ಕಡೆಗೆ ಗಿರಿಜಾಳಿಗೇ ಕನಿಕರ ಬಂತು. ‘ಅತ್ತೀ, ಕತ್ತರಸೋದು ಬ್ಯಾಡ್ರಿ, ಜವಳ ತೆಗಸೂಣು’ ಅಂದಳು. ಕೂಸಿನ ಮೊದಲ ಕೂದಲು ದೇವರಿಗೆ ಒಪ್ಪಿಸುವ ಶಾಸ್ತ್ರಕ್ಕೆ ಅವ್ವ ಬೇಡ ಅಂದಾಳೆಯೇ? ‘ಹಂಗಾದ್ರ ಸೋದರಮಾವ ಬರಬೇಕವ್ವಾ. ಅವನ ತೊಡಿ ಮ್ಯಾಲ ಕುಂಡ್ರಸೇ ತೆಗಿಯೋದು’ ಅಂದಳು ಸೊಸೆಗೆ.

ಸಿರುಗುಪ್ಪದ ಬಸ್ಸಿನ ಕಂಡಕ್ಟರನ ಬಾಯಲ್ಲಿ ಗಿರಿಜಾಳ ತಮ್ಮ ಬಸವರಾಜನಿಗೆ ‘ಜವಳ ಐತಿ, ಬಾ’ ಎಂದು ಹೇಳಿಕಳಿಸಿದೆವು. ಅಷ್ಟೇ ಹೇಳಿದ್ದು ತಪ್ಪಾಯಿತು. ಹೊಸ ಅಕ್ಕಿಯ ಚೀಲ, ಜರಿಯ ಕುಲಾಯಿ ಹಿಡಿದು ಬಂದವನು ಬಾಗಿಲಲ್ಲೇ ಕಣ್ಣು ತುಂಬಿಕೊಂಡ. ‘ಅಕ್ಕಾ, ಕೂಸು ಹುಟ್ಟಿದ್ದು ತವರಿಗೊಂದು ಮಾತು ಹೇಳಬಾರದಾ? ಎಲ್ಲೈತಿ?’

‘ಹರವಿ ಮಗ್ಗಲಾಗ.’

‘ಅಲ್ಲ್ಯಾಕ ಮಲಗಿಸೀರಿ?’ ಎಂದು ಓಡಿದ. ನೋಡಿದ. ಕುಂಡದಿಂದ ನನ್ನ ಕಡೆಗೆ ತಿರುಗಿದ. ‘ಮಾವಾ, ಊಟಿಗೆ ಹೋಗಿ ನೀವು ತಂದಿದ್ದು ಇದೇನಾ?’

ಆದರೂ ಒಳ್ಳೆಯ ಹುಡುಗ. ಪಂಚೆ ಮೇಲೆ ಕೆಸರಾದರೂ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ಮಾಲಿ ಹೇಳಿದಂತೆಯೇ ತುದಿತುದಿ ಕತ್ತರಿಸಿದ. ಅವ್ವ ಆರತಿ ಬೆಳಗಿದಳು. ಕುಲಾಯಿ ಅಜ್ಜಯ್ಯನ ತಲೆಗೇರಿತು.

ಮರುವರ್ಷ ಶಿವರಾತ್ರಿಯ ಹೊತ್ತಿಗೆ ನಾಲ್ಕೇ ನಾಲ್ಕು ಹೂ ಬಿಟ್ಟವು. ‘ಅಜ್ಜಯ್ಯನ ಮಹಿಮಿ’ ಅಂದಳು ಅವ್ವ. ‘ನನ್ನ ಕೈಗುಣ’ ಎಂದು ಹೇಳಿಕಳಿಸಿದ ಬಸವರಾಜ. ವರ್ಷವಿಡೀ ಪಡಸಾಲೆಯಲ್ಲಿ ಬೆಂದವನ ಹೆಸರು ಯಾರೂ ಎತ್ತಲಿಲ್ಲ. ಆ ಸಂಜೆ ಗುಡ್ಡದ ಕಡೆಯಿಂದ ಅಪರೂಪಕ್ಕೊಂದು ತಣ್ಣನೆಯ ಗಾಳಿ ಬೀಸಿತು. ಗಿರಿಜಾ ಹೂ ನೋಡಿ, ಆಮೇಲೆ ನನ್ನನ್ನು ನೋಡಿ ನಕ್ಕಳು. ನನಗೆ ಎದೆ ಉಬ್ಬಿ, ‘ಗಿರಿಜಾ, ಬರೋ ವರ್ಷ...’ ಎಂದು ಶುರುಮಾಡಿದೆ.

‘ಸುಮ್ನಿರ್ರಿ’ ಅಂದಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದು. ‘ಗಾಳಿ ತಂಪೈತಿ.’