ಬಾಜೂ ಮನಿಯಾಕಿನ್ನ ಸುಮ್ಮಸುಮ್ಮನ ಕೇಳಬ್ಯಾಡ್ರಿ

ಸ್ವಲ್ಪ ಹತ್ರ ಸರೀರಿ, ದನಿ ಇಳಿಸಿ ಹೇಳ್ತೇನಿ. ಈ ಮಾತು ನಮ್ಮ ಮಂಗೋರ್ ಹಿಲ್ ಗುಡ್ಡಾ ಇಳಿದು ಹೋಗಬಾರದು, ನನ್ನಾಣಿ. ಎದುರು ಮನಿಯಾಗ ಸೊಸಿನ್ನ ಕೂಸಿನ ಸಮೇತ ತವರಿಗೆ ಅಟ್ಟೋ ತಯಾರಿ ನಡದಿತ್ತು. ಅದು ತಪ್ಪಿದ್ದು ನಮ್ಮ ಬಾಜೂ ಮನಿಯಾಕಿ ಬಾಯಿಂದ. ಬಂದರದಾಗ ಕಂಟೇನರ್ ನಂಬರ್ ತಾಳೆ ನೋಡೋ ಕೆಲಸ ಆಕಿದು. ಆಟಿಸಂ ಅಂತ ಏನೋ ಐತಂತ. "ನನ್ನ ತಲಿ ಬ್ಯಾರೆ ಥರ ಓಡತೈತ್ರಿ ಅಜ್ಜಿ" ಅಂತ ಆಕಿನ ಹೇಳ್ಯಾಳ. ಆಕಿ ಜೋಡಿ ದಿನಾ ಏನರ ಒಂದು ಆಗೂದ.

೧. ಊಟಕ್ಕ ಕರದದ್ದು

ಉಣ್ಣೂಮುಂದ ಬಾಗಲಾಗ ಯಾರರ ಹಾದ್ರ "ಬರ್ರಿ, ಊಟ ಮಾಡೂಣು" ಅಂತೀವಿ. ಅವರು "ಈಗ ಆತ್ರಿ" ಅಂತಾರ. ಮುಗೀತು. ಈಕಿ ಚಪ್ಪಲಿ ಬಿಟ್ಟು ಒಳಗ ಬಂದು ಕುಂತ್ಲು! ಇದ್ದವು ಎರಡ ರೊಟ್ಟಿ. ಎರಡೂ ತಿಂದು, "ಪಲ್ಯಾಕ ಉಪ್ಪು ಹೆಚ್ಚಾಗೈತ್ರಿ. ನಾಳೆ ಎಷ್ಟೊತ್ತಿಗೆ ಬರ್ಲಿ?" ಅಂದ್ಲು.

೨. ಆರಾಮೇನು ಅಂದದ್ದು

ಮುಂಜಾನಿ "ಆರಾಮೇನವಾ?" ಅಂದೆ. ಮಾತಾಡದ ಹೋದ್ಲು. ಸೊಕ್ಕು ನೋಡ್ರಿ ಅಂತ ಓಣಿಗೆಲ್ಲ ಹೇಳಿದೆ. ಸಂಜಿಗೆ ಬಾಗಲಾಗ ನಿಂತಾಳ! "ದಿನಾ ಪೂರ್ತಿ ವಿಚಾರ ಮಾಡಿದೆ. ಆರಾಮ ಇಲ್ಲ. ಮೀನು ಮಾರಾಕಿ ಕೂಗು ಕಿವಿಗೆ ಚುಚ್ಚತೈತಿ. ನಿಮ್ಮದು ಇನ್ನೂ ಜಾಸ್ತಿ." ಇಷ್ಟು ವಯಸ್ಸಾತು, ನಾ ಕೇಳಿದ್ದನ್ನ ಯಾರರ ದಿನಾ ಪೂರ್ತಿ ಯೋಚನಿ ಮಾಡ್ಯಾರೇನ್ರಿ?

೩. ಕೂಸು ಯಾರಂಗ ಐತಿ

ಎದುರು ಮನಿಯಾಗ ತೊಟ್ಟಿಲ ಕಾರ್ಯ. ಕೂಸು ಅಪ್ಪನಂಗಿಲ್ಲ ಅಂತ ಓಣ್ಯಾಗೆಲ್ಲ ಗುಸುಗುಸು, ಅತ್ತಿ ಮಾರಿ ಗಂಟು. ಬಂದವರೆಲ್ಲ "ಥೇಟ್ ಅಪ್ಪನ್ರಿ" ಅಂತ ಹಲ್ಲು ಕಿರದ್ರು. ಅತ್ತಿ ಒಬ್ಬರ ಮಾತೂ ನಂಬಲಿಲ್ಲ. ಕಡೀಕ ಈಕಿನ್ನ ಕೇಳಿದ್ಲು: "ನಿನಗ ಸುಳ್ಳು ಹೇಳಾಕ ಬರಂಗಿಲ್ಲ. ನೀ ಹೇಳವಾ, ಯಾರಂಗೈತಿ?"

ಸೊಸಿ ತೊಟ್ಟಿಲ ತೂಗೂದು ನಿಲ್ಲಿಸಿದ್ಲು. ಈಕಿ ತೊಟ್ಟಿಲಕ್ಕ ಬಗ್ಗಿ ನೋಡೇ ನೋಡಿದ್ಲು.

"ಮೂಗು ಯಾರದೂ ಅಲ್ಲ."

ಅತ್ತಿ ಧಡಕ್ಕನ ಎದ್ದು ನಿಂತ್ಲು.

"ಎಡಗಿವಿ ಮುಂದ ಸಾಸಿವಿ ಅಷ್ಟು ಹುಟ್ಟು ತೂತೈತಿ, ಚುಚ್ಚಿದ್ದಲ್ಲ. ಅಪ್ಪಗೂ ಅದ ಜಾಗಾದಾಗ ಐತಿ. ನಿಮಗೂ ಐತ್ರಿ, ಕೂದಲಾ ಮುಚ್ಯಾವು."

ಅತ್ತಿ ಕೂದಲಾ ಸರಿಸಿ ಕಿವಿ ಮುಟ್ಟಿಕೊಂಡ್ಲು. ಮಗನ ಕಿವಿ ಹಿಡದು ಬೆಳಕಿಗೆ ತಿರುವಿದ್ಲು. ಆಮ್ಯಾಲ ಸೊಸಿನ್ನ ಅಪ್ಪಿಕೊಂಡು ಗೊಳೋ ಅಂತ ಅತ್ಲು. ನಾ ಕೈ ಮುಗಿಯೂದೊಂದು ಬಾಕಿ! ಎಲಾ ಈಕಿನ, ಕಣ್ಣೋ ದುರ್ಬೀನೋ!

ಅಷ್ಟರಾಗ ಎಲ್ಲಾರ ಮುಂದ ಈಕಿ ನನ್ನ ಕಡೆ ತಿರುಗಿದ್ಲು. ಸಿಟ್ಟಿಲ್ಲ, ನಗಿ ಇಲ್ಲ. ಖರೇ ಕಾಳಜಿ.

"ಅಜ್ಜಿ, ಕೂಸು ಅಪ್ಪನಂಗಿಲ್ಲ ಅಂತ ಮಂಗಳವಾರ ನಳದ ಹತ್ರ ಮೊದಲ ಅಂದಾಕಿ ನೀವ. ಕಣ್ಣಿಗೆ ಪೊರಿ ಬಂದಿರಬೇಕ್ರಿ. ಗುರುವಾರ ನನಗ ಸೂಟಿ ಐತಿ, ದವಾಖಾನಿಗೆ ಹೋಗೂಣು."