ಆಲ್ಪ್ಸ್ ಪರ್ವತದ ರೈಲಿಗೆ ಹಾಕಿದ ಟಾವೆಲ್

ಬಸ್ಸಿನಲ್ಲಿ ಸೀಟು ಹಿಡಿಯುವ ವಿದ್ಯೆಗೆ ಪದವಿ ಕೊಡುವಂತಿದ್ದರೆ ನನಗೆ ಎಂದೋ ಡಾಕ್ಟರೇಟ್ ಸಿಗಬೇಕಿತ್ತು. ಇದು ಜಂಬದ ಮಾತಲ್ಲ. ಬಾಗಲಕೋಟೆಯ ವಿದ್ಯಾಗಿರಿಯ ಮನೆಯಿಂದ ಹುನಗುಂದಕ್ಕೆ, ಜಮೀನು ದಾಖಲೆ ಬರೆಯುವ ಕೆಲಸಕ್ಕಾಗಿ, ಮೂವತ್ತೆರಡು ವರ್ಷ ದಿನಾ ಬಸ್ಸಿನಲ್ಲಿ ಓಡಾಡಿದ ಗುಮಾಸ್ತ ನಾನು. ಬಸ್ಸು ನಿಲ್ದಾಣದೊಳಗೆ ಹೊರಳುವಷ್ಟರಲ್ಲೇ ನನ್ನ ಟಾವೆಲ್ ಕಿಟಕಿಯಿಂದ ಹಾರಿ ಸೀಟಿನ ಮೇಲೆ ಬಿದ್ದಿರುತ್ತಿತ್ತು. ಟಾವೆಲ್ ಬಿತ್ತೆಂದರೆ ಸೀಟು ನನ್ನದು. ಇದು ನಮ್ಮ ಕಡೆ ಎಲ್ಲರೂ ಒಪ್ಪಿದ ಕಾನೂನು. ಆಮೇಲೆ ಆರಾಮಾಗಿ ಚಹಾ ಕುಡಿದು ಹತ್ತಿದರೂ ನಡೆಯುತ್ತದೆ.

ಒಂದೇ ಒಂದು ಸಣ್ಣ ಸಂಗತಿ. ಹಾಗೆ ಹಿಡಿದ ಕಿಟಕಿ ಸೀಟಿನಲ್ಲಿ ಕೂಡುತ್ತಿದ್ದವನೂ ನಾನೇ! ಹೆಂಡತಿ ಶಾಂತಾಳ ತವರು ಇಳಕಲ್ಲು. ತವರಿಗೆ ಹೋಗಲಿ, ಚೊಳಚಗುಡ್ಡದ ಬನಶಂಕರಿಗೆ ಹೋಗಲಿ, ಅವಳ ಜಾಗ ನನ್ನ ಪಕ್ಕದ್ದು. "ಕಿಡಕ್ಯಾಗ ಧೂಳಿ ಬರತೈತಿ, ನೀ ಈ ಕಡಿ ಕೂಡು" ಎಂದು ನಾನು ಬಹಳ ಕಾಳಜಿಯಿಂದ ಹೇಳುತ್ತಿದ್ದೆ.

ನಿವೃತ್ತನಾದ ಮೇಲೆ ನಾವಿಬ್ಬರೂ ಒಂದು ಗುಂಪಿನ ಜೊತೆ ಸ್ವಿಟ್ಜರ್‌ಲೆಂಡ್ ಪ್ರವಾಸಕ್ಕೆ ಹೆಸರು ಹಚ್ಚಿದೆವು. ಆಗ ಶಾಂತಾ ಒಂದು ಷರತ್ತು ಹಾಕಿದಳು.

"ರೀ, ನನಗ ಅಲ್ಲಿ ಗಡಿಯಾರ ಬ್ಯಾಡ, ಚಾಕಲೇಟ್ ಬ್ಯಾಡ. ಆ ಹಿಮದ ಗುಡ್ಡ ಹತ್ತೂಮುಂದ ಕಿಡಕಿ ಸೀಟು ನನಗ ಬೇಕು. ಇಳಿಯೂಮುಂದೂ ನನಗ."

"ಏ, ಅದೇನ್ ದೊಡ್ಡ ಮಾತು? ಟಾವೆಲ್ ತೊಗೊಂಡ ಬರ್ತೇನಿ."

ಅವಳು ನಗಲಿಲ್ಲ. "ಮಾತು ಕೊಡ್ರಿ" ಎಂದು ಕೈ ಚಾಚಿದಳು. ಕೊಟ್ಟೆ.

ಪರ್ವತದ ಬುಡದ ಆ ಸ್ಟೇಷನ್ನು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪ್ಲಾಟ್‌ಫಾರ್ಮ್ ಎಷ್ಟು ಸ್ವಚ್ಛವೆಂದರೆ ಅಲ್ಲೇ ಕೂತು ರೊಟ್ಟಿ ಬಡಿಯಬಹುದಿತ್ತು. ಎರಡೂ ಬದಿಗೆ ಹಳಿ. ತಲೆ ಎತ್ತಿದರೆ ಬಿಳಿಯ ಶಿಖರ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನಮ್ಮನ್ನು ಕರೆದುಕೊಂಡು ಹೋಗಿದ್ದ ಸ್ಮಿತಾ ಧಾರವಾಡದ ಕಡೆಯವಳು. ಅವಳು ಮೊದಲೇ ಹೇಳಿದಳು: "ಕಾಕಾ, ನಮ್ಮ ಸೀಟು ಬುಕ್ ಆಗ್ಯಾವ. ಎಲ್ಲಾರೂ ಇಲ್ಲೇ ನಿಲ್ರಿ."

ನಾನು ಒಳಗೊಳಗೇ ನಕ್ಕೆ. ಪಾಪ, ಹೊಸ ಕಾಲದವಳು. ಬುಕಿಂಗು ಬರೀ ಕಾಗದ, ಟಾವೆಲ್ಲು ಅನುಭವ!

ಅಷ್ಟರಲ್ಲಿ ಎಡಗಡೆ ಕೆಂಪು ರೈಲೊಂದು ಸದ್ದಿಲ್ಲದೆ ಬಂದು ನಿಂತಿತು. ನನ್ನ ಕೈ ತಾನಾಗಿಯೇ ಹೆಗಲ ಮೇಲಿನ ಟಾವೆಲ್ಲಿಗೆ ಹೋಯಿತು. ಆದರೆ ಕಿಟಕಿಗಳು ಪೂರ್ತಿ ಗಾಜು! ತೆರೆಯುವುದೇ ಇಲ್ಲ! ಎಸೆಯಲು ಒಂದು ಗೇಣು ಸಂದಿಲ್ಲ! ಇಷ್ಟು ಮುಂದುವರಿದ ದೇಶದಲ್ಲಿ ಪ್ರಯಾಣಿಕರಿಗೆ ಇಂಥ ಮೂಲಭೂತ ಸೌಕರ್ಯವಿಲ್ಲದ್ದು ಕಂಡು ನನಗೆ ನಿಜಕ್ಕೂ ಬೇಸರವಾಯಿತು.

ಸೋಲುವ ಜಾತಿ ನಮ್ಮದಲ್ಲ. ಎರಡು ಸೀಟಿಗೆ ಎರಡು ಸಾಮಾನು ಬೇಕಲ್ಲ? ಶಾಂತಾಳ ಕೈಯಲ್ಲಿದ್ದ ರೊಟ್ಟಿ ಚೀಲ ಕಸಿದುಕೊಂಡೆ.

"ರೀ, ಅದರಾಗ..." ಎಂದು ಅವಳು ಏನೋ ಹೇಳಲು ಬಂದಳು.

"ನೀ ಸುಮ್ಮನ ನಿಂದ್ರು!" ಎಂದು ಒಳಗೆ ನುಗ್ಗಿದೆ. ಒಂದು ಒಳ್ಳೆಯ ಕಿಟಕಿ ಸೀಟಿನ ಮೇಲೆ ಟಾವೆಲ್ ಹಾಸಿದೆ, ಪಕ್ಕದ್ದಕ್ಕೆ ಚೀಲ ಇಟ್ಟೆ. ನಿಯಮದಂತೆ ಕೆಳಗಿಳಿದು, ಗೆದ್ದು ಬಂದ ಪೈಲ್ವಾನನಂತೆ ಹೆಂಡತಿಯತ್ತ ಕೈಬೀಸಿದೆ.

ಬಾಗಿಲು ಮುಚ್ಚಿತು. ತಾನಾಗಿಯೇ! ಕಂಡಕ್ಟರ್ ಇಲ್ಲ, ಸೀಟಿ ಇಲ್ಲ, "ಇನ್ನೂ ಯಾರರ ಅದೀರೇನ್ರಿ?" ಎಂಬ ಮಾನವೀಯ ವಿಚಾರಣೆಯೂ ಇಲ್ಲ. ರೈಲು ಹೊರಟೇಬಿಟ್ಟಿತು. ನಾನು ಪಕ್ಕದಲ್ಲಿ ಓಡುತ್ತ ನಮ್ಮ ಬಸ್ಸಿಗೆ ಬಡಿಯುವಂತೆ ಅದರ ಮೈಗೆ ದಬದಬ ಬಡಿದೆ. "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದೆ. ಒಳಗಿದ್ದ ಮುದುಕನೊಬ್ಬ ನಾನು ಬೀಳ್ಕೊಡಲು ಬಂದವನೆಂದು ತಿಳಿದು ಬಹಳ ಪ್ರೀತಿಯಿಂದ ಕೈಯಾಡಿಸಿದ. ಅವನ ಎದುರಿಗೇ ನನ್ನ ಟಾವೆಲ್ ಕಿಟಕಿ ಸೀಟಿನಲ್ಲಿ ಕೂತು ಹೊರಟಿತು.

ಸ್ಮಿತಾ ಓಡಿ ಬಂದಳು. "ಕಾಕಾ! ಅದು ಕೆಳಗಿನ ಊರಿಗೆ ಹೋಗೂ ರೈಲು! ನಮ್ಮದು ಈ ಕಡೆ ಬರತೈತಿ, ಇನ್ನ ನಾಕ ನಿಮಿಷಕ್ಕ!"

ಶಾಂತಾ ಮಾತ್ರ ಓಡಲಿಲ್ಲ, ಕೂಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ರೀ, ಅದರಾಗ ನನ್ನ ದೂರದ ಚಷ್ಮಾ ಇತ್ತು. ಥಂಡಿಗೆ ಹಬಿ ಹಿಡಿಯಾಕತ್ತಿತ್ತು ಅಂತ ಒರಿಸಿ ಇಟ್ಟಿದ್ದೆ. ರೈಲು ಹತ್ತಿದ ಕೂಡ್ಲೆ ಹಾಕ್ಕೊಂಡ್ರಾತು ಅಂತ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಚಷ್ಮಾ ಇಲ್ಲದಿದ್ದರೆ ಹತ್ತು ಮಾರು ಆಚೆ ನಿಂತ ನಾನೂ ಅವಳಿಗೆ ಸರಿಯಾಗಿ ಕಾಣುವುದಿಲ್ಲ.

ನಾಲ್ಕು ನಿಮಿಷಕ್ಕೆ ಸರಿಯಾಗಿ ನಮ್ಮ ರೈಲು ಬಂತು. ಒಳಗೆ ನಮ್ಮ ಸೀಟುಗಳು ಖಾಲಿಯಾಗಿ ಕಾಯುತ್ತಿದ್ದವು. ಟಾವೆಲ್ ಇಲ್ಲದೆ! ಶಾಂತಾ ಜೀವನದಲ್ಲಿ ಮೊದಲ ಬಾರಿ ಕಿಟಕಿಗೆ ಕೂತಳು. ಸ್ಮಿತಾ ಎಲ್ಲೆಲ್ಲಿಗೋ ಫೋನು ಮಾಡತೊಡಗಿದಳು. ರೈಲು ಹಳಿಗಳ ನಡುವಿನ ಹಲ್ಲಿನ ಪಟ್ಟಿಯನ್ನು ಕಚ್ಚಿಕೊಂಡು ಮೇಲೇರತೊಡಗಿತು. ನಾನು ಅಷ್ಟು ಚೆಲುವನ್ನು ಹಿಂದೆಂದೂ ನೋಡಿರಲಿಲ್ಲ. ನನ್ನ ಹೆಂಡತಿಗೆ ಮಾತ್ರ ಅದು ಸುಣ್ಣ ಹೊಡೆದ ಗೋಡೆ.

"ಬೆಳ್ಳಗ ಏನೋ ಐತಿ" ಎಂದಳು. "ಏನ್ ಕಾಣತೈತಿ ಹೇಳ್ರಿ. ಕಳದಾವ್ರು ನೀವ, ಹೇಳಾವ್ರೂ ನೀವ."

ನಾನು ಗಂಟಲು ಸರಿಮಾಡಿಕೊಂಡೆ. ಮೂವತ್ತೆರಡು ವರ್ಷ ಹೊಲದ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಬರೆದವನ ಬಾಯಿ. "ಸದರಿ ಗುಡ್ಡದ ಪೂರ್ವಕ್ಕೆ ಒಂದು ಕೆರೆ. ಪಶ್ಚಿಮಕ್ಕೆ ಹುಲ್ಲುಗಾವಲು ಮತ್ತು ಆಕಳು ನಾಲ್ಕು. ಉತ್ತರಕ್ಕೆ ಹಿಮ. ದಕ್ಷಿಣಕ್ಕೂ ಹಿಮ."

"ಅಯ್ಯ, ಖರೀದಿ ಪತ್ರಾ ಬರ್ಯಾಕತ್ತೀರೇನ? ಗುಡ್ಡ ಹೆಂಗೈತಿ ಹೇಳ್ರಿ!"

ಮತ್ತೆ ನೋಡಿದೆ. ಇಷ್ಟು ವರ್ಷ ಕಿಟಕಿಯಲ್ಲಿ ಕೂತವನಿಗೆ ಕಂಡದ್ದನ್ನು ಹೇಳುವ ಕೆಲಸ ಒಮ್ಮೆಯೂ ಬಿದ್ದಿರಲಿಲ್ಲ. ಅವಳು ಉಟ್ಟ ಇಳಕಲ್ ಸೀರೆಯ ಸೆರಗು ನನ್ನ ಮೊಣಕಾಲ ಮೇಲೆ ಬಿದ್ದಿತ್ತು. ಕೆಂಪು ಸೆರಗಿನಲ್ಲಿ ಚೂಪಾದ ಬಿಳಿ ತೆನೆಗಳ ಸಾಲು.

"ಇಲ್ನೋಡು ಶಾಂತಾ, ನಿನ್ನ ಸೆರಗಿನ ತೆನಿ. ಹಿಂಗ ಸಾಲಾಗಿ ನಿಂತಾವು ನೋಡು ಗುಡ್ಡ. ತುದಿ ಹಿಂಗ ಚೂಪ, ಹಿಂಗ ಬೆಳ್ಳಗ. ಬುಡದಾಗ ಹಸರು. ಬಿಸಲು ಬಿದ್ದಲ್ಲಿ ರೇಷ್ಮಿ ಹಂಗ ಹೊಳ್ಯಾಕತ್ತೈತಿ."

ಅವಳು ಸೆರಗನ್ನು ಗಾಜಿನ ಹತ್ತಿರ ಹಿಡಿದು, ತೆನೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಹೊರಗಿನ ಬಿಳುಪನ್ನು ನೋಡಿದಳು. "ಇಷ್ಟ ಛಂದ ಐತೇನ್ರಿ?" ಎಂದಳು. ನನಗೆ ಕಣ್ಣು ತುಂಬಿ ಬಂತು. ಹಿಮದ ಬೆಳಕಿಗೆ ಎಂದು ಸುಳ್ಳು ಹೇಳಿದೆ.

ಆ ದೇಶದ ಜನರ ಗುಣ ಕೇಳಿ! ಕೆಳಗಿನ ಸ್ಟೇಷನ್ನಿನವರು ಚೀಲ ಇಳಿಸಿಕೊಂಡು, ನಮ್ಮ ಹಿಂದಿನ ರೈಲಿಗೆ ಏರಿಸಿ, ತುದಿಗೆ ತಲುಪಿಸಿದರು. ರೊಟ್ಟಿ ಒಂದೂ ಮುರಿದಿರಲಿಲ್ಲ. ಟಾವೆಲ್ಲಂತೂ ನಾಲ್ಕು ಮಡಿಕೆಯಾಗಿ ಬಂದಿತ್ತು. ಹುಟ್ಟಿದಾಗಿನಿಂದ ಅದಕ್ಕೆ ಅಂಥ ಮರ್ಯಾದೆ ಸಿಕ್ಕಿರಲಿಲ್ಲ. ಶಾಂತಾ ಚಷ್ಮಾ ಏರಿಸಿ ಸುತ್ತ ನೋಡಿದಳು. "ನೀವು ಹೇಳಿದ್ದು ಖರೆ ಐತ್ರಿ" ಎಂದಳು ಕೊನೆಗೆ.

ಇಳಿಯುವುದು ಬಸ್ಸಿನಲ್ಲಿ. ಹಳದಿ ಬಸ್ಸು, ಹಾಡಿನಂಥ ಹಾರ್ನು. ಶಾಂತಾ ಚಷ್ಮಾ ಸಮೇತ ಕಿಟಕಿಗೆ ಕೂತಳು. ಅಂತೂ ಕೊಟ್ಟ ಮಾತು ಉಳಿಯಿತೆಂದು ನಾನು ನಿಟ್ಟುಸಿರು ಬಿಟ್ಟೆ. ಅಷ್ಟರಲ್ಲಿ ಮೊದಲ ತಿರುವು ಬಂತು. ಎರಡನೆಯದು. ಐದನೆಯದಕ್ಕೆ ನನ್ನ ಹೊಟ್ಟೆ ಇನ್ನೂ ನಾಲ್ಕನೆಯದರಲ್ಲೇ ಇತ್ತು!

"ರೀ, ಮಾರಿ ಹಸರಾಗೈತಿ. ಈ ಕಡಿ ಬರ್ರಿ" ಎಂದಳು ಶಾಂತಾ. ವಾಂತಿ ಬರುವವರಿಗೆ ಕಿಟಕಿ ಬಿಡಬೇಕು. ಅದೂ ನಮ್ಮ ಕಡೆಯ ಕಾನೂನೇ.

"ಇಲ್ಲ. ಮಾತು ಕೊಟ್ಟೇನಿ" ಎಂದೆ. ಪುರಾಣದ ರಾಜರು ಹೀಗೆಯೇ ಹೇಳುತ್ತಿದ್ದರು. ಅವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ದಾರಿಯುದ್ದಕ್ಕೂ ನಾನು ಬಾಯಿಗೆ ಟಾವೆಲ್ ಒತ್ತಿಕೊಂಡು, ತಲೆ ತಗ್ಗಿಸಿ ಕೂತೆ. ಹೆಂಡತಿ ಒಂದು ಕೈಯಿಂದ ನನ್ನ ಬೆನ್ನು ಸವರುತ್ತ ಹೇಳುತ್ತಲೇ ಇದ್ದಳು. "ಎಷ್ಟ ಎತ್ತರದಿಂದ ನೀರು ಬೀಳಾಕತ್ತೈತ್ರಿ! ಅಲ್ಲೊಂದು ಗುಡಿಯಂಥಾದ್ದು... ಆಕಳ ಕೊರಳಾಗ ಎಷ್ಟ ದೊಡ್ಡ ಗಂಟಿ!" ಅವಳ ಮಾತಿನಲ್ಲಿ ಆ ಕಣಿವೆ ನನಗೆ ಪೂರ್ತಿ ಕಂಡಿತು. ನನಗಿಂತ ಬಹಳ ಚೆನ್ನಾಗಿ ಹೇಳಿದಳು.

ಊರಿಗೆ ಬಂದ ವಾರದಲ್ಲೇ ಇಳಕಲ್ಲಿಗೆ ಹೊರಟೆವು. ಬಾಗಲಕೋಟೆ ನಿಲ್ದಾಣದಲ್ಲಿ ಬಸ್ಸು ಹೊರಳಿತು. ಹೆಗಲಿಗೆ ಕೈ ಹಾಕಿದರೆ ಟಾವೆಲ್ ಇಲ್ಲ! ನೋಡುತ್ತಿದ್ದಂತೆ ಅದು ಶಾಂತಾಳ ಕೈಯಿಂದ ಹಾರಿ, ಕಿಟಕಿಯೊಳಗೆ ನುಗ್ಗಿ, ಸೀಟಿನ ಮೇಲೆ ಸರಿಯಾಗಿ ಬಿತ್ತು. ಅವಳು ಕಿಟಕಿಗೆ ಕೂತಳು. ನಾನು ಪಕ್ಕಕ್ಕೆ.

ಹುನಗುಂದ ದಾಟಿದ ಮೇಲೆ ಕೇಳಿದಳು. "ಅಲ್ಲಿಂದ ಏನ್ ಕಾಣತೈತ್ರಿ?"

"ಸದರಿ ಸೀಟಿನ ಪೂರ್ವಕ್ಕೆ ಕಂಡಕ್ಟರನ ಚೀಲ" ಎಂದೆ. "ಪಶ್ಚಿಮಕ್ಕೆ ನಿನ್ನ ತುರುಬು. ಉತ್ತರಕ್ಕೆ ಯಾರದೋ ಮೊಣಕೈ. ದಕ್ಷಿಣಕ್ಕೆ ಜೋಳದ ಮೂಟೆ."

"ಬರಾಬರಿ ಐತಿ" ಎಂದಳು ಶಾಂತಾ. "ಮೂವತ್ತೆರಡು ವರ್ಷ ಅದ ನನ್ನ ಹೊಲ ಆಗಿತ್ತು."

ಹೇಳಿ ಹೊರಗೆ ನೋಡತೊಡಗಿದಳು. ಬಸ್ಸು ತೆಗ್ಗಿನಲ್ಲಿ ಎಗರಿತು. ಕಂಡಕ್ಟರನ ಚೀಲ ನನ್ನ ಕಿವಿಗೆ ಬಡಿಯಿತು.