ಬಸ್ಸೂ ನಾವೇ, ಕರೆಂಟೂ ನಾವೇ

ಹಳೇಬೀಡಿನ ಕಲ್ಲುಗುಡಿಯಲ್ಲಿ ಕೂತು ನಮ್ಮ ಸೈರನ್ನನ್ನು ದಿನವೂ ಕೇಳಿಸಿಕೊಳ್ಳುವ ಈಶ್ವರನಿಗೆ, ಬೇಲೂರಿನಲ್ಲಿ ನಿಂತು ಎಲ್ಲವನ್ನೂ ನೋಡುತ್ತಿರುವ ಚೆನ್ನಕೇಶವನಿಗೆ ಮೊದಲು ಕೈ ಮುಗಿಯುತ್ತೇನೆ. ಅವರು ಕೇಳಿದ್ದು ಕಂಡಿದ್ದರಲ್ಲಿ ಕಾಲುಭಾಗವನ್ನೂ ನಾನು ಬರೆಯಲಾರೆ.

ನಾನು ಆಂಬುಲೆನ್ಸಿನಲ್ಲಿ ನರ್ಸು. ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟು ಗಾಡಿ ಹತ್ತಿದರೆ, ಇಳಿಯುವಾಗ ಅದು ಬೆವರಲ್ಲಿ ಕರಗಿ ಹೋಗಿರುತ್ತದೆ. ಈ ಸೀಮೆಯಲ್ಲಿ ಯಾವ ಸರ್ಕಾರಿ ಬಾಗಿಲು ಮುಚ್ಚಿದರೂ ಜನ ಬಂದು ತಟ್ಟುವುದು ನಮ್ಮ ಗಾಡಿಯ ಬಾಗಿಲನ್ನೇ. ಹಾಗಾಗಿ ನಗುವಂಥ ಸಂಗತಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ, ದಿನಕ್ಕೊಂದಾದರೂ ಆಗುತ್ತಲೇ ಇರುತ್ತದೆ. ನಕ್ಕ ಮೇಲೆ ಮನಸ್ಸಿಗೆ ಏನಾಗುತ್ತದೆ ಅನ್ನುವುದು ಬೇರೆ ಮಾತು. ಇಲ್ಲಿ ಬರೆದಿರುವುದೆಲ್ಲ ಒಂದೇ ದಿನದ್ದು.

ಅಜ್ಜಿಯ ಪ್ರಶ್ನೆ

ಮಾದಿಹಳ್ಳಿಯ ಆಚೆ ಒಂದು ಸಣ್ಣ ಊರು. ಅಲ್ಲೊಬ್ಬ ಅಜ್ಜಿ, ಆಕೆಗೊಬ್ಬ ಸೊಸೆ. ಹೋದ ವರ್ಷ ಆ ಸೊಸೆಗೆ ಚೊಚ್ಚಲ ಹೆರಿಗೆ. ಫೋನ್ ಬಂದಾಗ ನಾವು ಇನ್ನೆಲ್ಲೋ ಸಿಕ್ಕಿಕೊಂಡಿದ್ದೆವು. ತಲುಪುವಷ್ಟರಲ್ಲಿ ಕೂಸು ಹೋಗಿತ್ತು. ಬಟ್ಟೆಯಲ್ಲಿ ಸುತ್ತಿದ ಆ ಹಗುರ ಗಂಟನ್ನು ಎತ್ತಿಕೊಂಡ ಕೈ ನನ್ನದೇ. ಪೂಜೆಗೆ ಕೂತಾಗಲೂ ಆ ಹಗುರ ಕೈಯಿಂದ ಹೋಗುವುದಿಲ್ಲ.

ಈ ವರ್ಷ ಅವಳಿಗೆ ಮತ್ತೆ ದಿನ ತುಂಬಿತ್ತು. ಆವತ್ತು ಬೆಳಿಗ್ಗೆ ಅದೇ ದಾರಿಯಲ್ಲಿ ಹೋಗುವಾಗ ನೋಡಿ ಬರೋಣವೆಂದು ಇಳಿದೆ. ಹುಡುಗಿ ಬಾಗಿಲ ಹಿಂದೆ ನಿಂತು ನನ್ನ ಮುಖ ನೋಡಿದಳು. ಅಜ್ಜಿ ಕೇಳಿದಳು:

"ಈ ಸಲ ಟೈಮಿಗೆ ಬತ್ತೀರೇನಪ್ಪ?"

"ಶಿವ ಇದ್ದಾನೆ ಕಣವ್ವ, ಹೆದರಬೇಡಿ."

"ಶಿವ ಇರ್ತಾನೆ ಬಿಡು, ಅವತ್ತೂ ಇದ್ದ. ನೀವಿರ್ತೀರಾ?"

ಆಧಾರ್ ಕಾರ್ಡು

ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೇ ಎದೆನೋವಿನ ಕರೆ ಬಂತು. ಸೈರನ್ ಹಾಕಿಕೊಂಡು ಓಡಿದೆವು. ನೋಡಿದರೆ ಮೋರಿಕಟ್ಟೆಯ ಮೇಲೆ ಒಬ್ಬ ಯಜಮಾನರು ಇಸ್ತ್ರಿ ಅಂಗಿ ತೊಟ್ಟು, ಕೈಯಲ್ಲಿ ಚೀಲ ಹಿಡಿದು ಕೂತಿದ್ದಾರೆ.

"ಎದೆ ನೋಯ್ತಿದೆಯಾ ಯಜಮಾನ್ರೇ?"

"ಈಗಿಲ್ಲ. ಬಸ್ ಬರ್ಲಿಲ್ವಲ್ಲ, ಆಗ ನೋಯ್ತು."

ಅವರ ಊರಿಗೆ ಬರುತ್ತಿದ್ದ ಒಂದೇ ಬಸ್ಸು ನಿಂತು ತಿಂಗಳುಗಳೇ ಆಗಿವೆ. ಹತ್ತಿರದ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಇಲ್ಲ, ಬೇಲೂರಿಗೇ ಹೋಗಬೇಕು. ಬಯ್ಯೋಣವೆಂದು ಬಾಯಿ ತೆರೆದವನು ಅವರ ಕಾಲಿನ ಗಾಯ ನೋಡಿ ಮಂಡಿಯೂರಿ ಕೂತೆ. ಕೀವು ತುಂಬಿ ಕಪ್ಪಾಗಿತ್ತು. ಇನ್ನು ಸ್ವಲ್ಪ ದಿನ ಕಳೆದಿದ್ದರೆ ಕಾಲೇ ಹೋಗುತ್ತಿತ್ತು. ಹತ್ತಿಸಿಕೊಂಡೆವು.

ಮುಂದಿನ ತಿರುವಿನಲ್ಲಿ ಒಬ್ಬಾಕೆ ರಸ್ತೆಗೇ ಬಂದು ಕೈ ಅಡ್ಡ ಹಿಡಿದಳು. ಯಾರಿಗೆ ಏನಾಯಿತೋ ಎಂದು ಡ್ರೈವರ್ ಬ್ರೇಕ್ ಒತ್ತಿದ. ಆಕೆ ಹಿಂದಿನ ಬಾಗಿಲು ತೆಗೆದು, ಹೂವಿನ ಬುಟ್ಟಿ ಒಳಗಿಟ್ಟು, ಹತ್ತಿ ಕೂತು, ಹೆಂಗಸರ ಉಚಿತ ಟಿಕೆಟ್ಟಿಗೆಂದು ಆಧಾರ್ ಕಾರ್ಡನ್ನು ನನ್ನ ಮುಂದೆ ಹಿಡಿದಳು.

ಡ್ರೈವರ್ ತಿರುಗಿ ಕೂಗಿದ. "ಏಯ್ ಅಮ್ಮ, ಇದು ಬಸ್ಸಲ್ಲ ಕಣಮ್ಮ!"

"ಗೊತ್ತು ಬಿಡಣ್ಣ. ಬಸ್ಸಾಗಿದ್ರೆ ನಿಲ್ಲಿಸ್ತಿದ್ರಾ?"

ಪ್ಲಗ್ಗು

ಯಜಮಾನರನ್ನೂ ಹೂವಿನಾಕೆಯನ್ನೂ ಬೇಲೂರಲ್ಲಿ ಇಳಿಸಿದ್ದೇ ತಡ, ಹಳೇಬೀಡು ಕಡೆಯಿಂದ ಉಸಿರಾಟದ ತೊಂದರೆ ಎಂದು ಕರೆ. ಈ ಸಲ ನಿಜವಾದದ್ದೇ. ಉಬ್ಬಸದ ಮುದುಕಿಯೊಬ್ಬಳು ಜಗಲಿಯ ಕಂಬ ತಬ್ಬಿಕೊಂಡು ಕೂತಿದ್ದಳು. ಮನೆಯಲ್ಲಿ ಔಷಧ ಎಳೆಯುವ ಮೆಷಿನ್ನೂ ಇದೆ, ಔಷಧವೂ ಇದೆ. ಕರೆಂಟಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟು ಎಷ್ಟೋ ದಿನವಾಗಿತ್ತು. ದೂರು ಕೊಟ್ಟರೆ "ಆಗುತ್ತೆ" ಎನ್ನುವ ಉತ್ತರವಂತೆ.

ಗಾಡಿಯೊಳಗೆ ಕೂರಿಸಿ, ನಮ್ಮ ಪ್ಲಗ್ಗಿಗೇ ಮೆಷಿನ್ ಸಿಕ್ಕಿಸಿದೆ. ಮುದುಕಿಯ ಎದೆಗೆ ಕಿವಿಗೊಟ್ಟು "ನಮಃ ಶಿವಾಯ" ಎನ್ನುತ್ತಾ ಉಸಿರು ಎಣಿಸುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಪಕ್ಕದ ಇನ್ನೊಂದು ಪ್ಲಗ್ಗಿನಿಂದ ವೈರು ಜೋತು ಬಿದ್ದಿತ್ತು. ಬಾಗಿಲ ಬಳಿ ನೆರೆಮನೆಯ ಗಂಡಸು ಮೊಬೈಲ್ ಹಿಡಿದು ನಿಂತಿದ್ದಾನೆ.

ಡ್ರೈವರ್ ಸಿಡುಕಿದ: "ಏನ್ಲಾ ಇದು? ಇಲ್ಲಿ ಒಬ್ರ ಜೀವ ಹೋಗ್ತೈತೆ!"

"ಇದ್ರದ್ದೂ ಹೋಗ್ತಿತ್ತು ಕಣಣ್ಣ. ಎರಡೇ ಪರ್ಸೆಂಟ್ ಇತ್ತು."

ಅಡ್ಮಿಟ್ ಆದ ಸ್ಟ್ರೆಚರ್

ಮುದುಕಿಯ ಉಸಿರು ಪೂರ್ತಿ ಹಿಡಿತಕ್ಕೆ ಬರಲಿಲ್ಲ. ಜಿಲ್ಲೆಯ ದೊಡ್ಡಾಸ್ಪತ್ರೆಗೇ ಕರೆದೊಯ್ದೆವು. ಅಲ್ಲಿ ಹಾಸಿಗೆ ಖಾಲಿ ಇಲ್ಲ, ಅವರ ಸ್ಟ್ರೆಚರುಗಳೂ ಖಾಲಿ ಇಲ್ಲ. ನಮ್ಮ ಸ್ಟ್ರೆಚರನ್ನೇ ಗೋಡೆ ಪಕ್ಕ ನಿಲ್ಲಿಸಿ, ಅದರ ಮೇಲೆಯೇ ಮುದುಕಿಗೆ ಡ್ರಿಪ್ ಹಾಕಿದರು. ಬೆಡ್ ಸಿಗುವ ತನಕ ಸ್ಟ್ರೆಚರ್ ಬಿಡುವುದಿಲ್ಲ. ಸ್ಟ್ರೆಚರ್ ಇಲ್ಲದೆ ನಾವು ಹೊರಡುವ ಹಾಗಿಲ್ಲ.

ಮಧ್ಯಾಹ್ನ ಕಳೆದು ಬಿಸಿಲು ವಾಲಿತ್ತು. ಫೋನ್ ಬಂತು. ಅಜ್ಜಿ.

"ನೋವು ಶುರುವಾಯ್ತು ಕಣಪ್ಪ. ಎಲ್ಲಿದ್ದೀರ?"

"ಬಂದ್ವಿ ಕಣವ್ವ" ಎಂದುಬಿಟ್ಟೆ. ವಾರ್ಡಿನ ಸಿಸ್ಟರ್ ಹತ್ತಿರ ಓಡಿ ಕೈ ಮುಗಿದೆ. ಆಕೆಯದೂ ತಪ್ಪಿಲ್ಲ, ಒಬ್ಬಳೇ ಎಲ್ಲರನ್ನೂ ನೋಡುತ್ತಿದ್ದಳು.

"ಈ ಉಬ್ಬಸದ ಅಜ್ಜೀನ ನೆಲಕ್ಕೆ ಇಳಿಸ್ಲಾ ಅಣ್ಣ? ನೀವೇ ಹೇಳಿ. ಬೇರೆ ಆಂಬುಲೆನ್ಸ್ ಕಳ್ಸಿ ಅಲ್ಲಿಗೆ."

ಅರಸೀಕೆರೆಯ ಗಾಡಿ ನೆನಪಾಗಿ ಕಾರಿಡಾರಿಗೆ ಓಡಿಬಂದು ಅದರ ನರ್ಸಿಗೆ ಫೋನ್ ಹಚ್ಚಿದೆ. ರಿಂಗ್ ಆದದ್ದು ನನ್ನ ಬೆನ್ನ ಹಿಂದೆ. ಅವನು ಅದೇ ಕಾರಿಡಾರಿನ ಬೆಂಚಿನ ಮೇಲೆ ಕಾಫಿ ಹಿಡಿದು ಕೂತಿದ್ದ.

"ನಮ್ ಸ್ಟ್ರೆಚರ್ ಬೆಳಿಗ್ಗೇನೇ ಅಡ್ಮಿಟ್ ಆಯ್ತಣ್ಣ" ಅಂದ. "ಇನ್ನೂ ಡಿಸ್ಚಾರ್ಜ್ ಆಗಿಲ್ಲ."

ಹಾಲಿನ ಗಾಡಿ

"ಏನಾದ್ರೂ ಆಗ್ಲಿ, ನಡೀರಿ ಸಾರ್" ಎಂದ ಡ್ರೈವರ್. ಸ್ಟ್ರೆಚರ್ ಬಿಟ್ಟೇ ಹೊರಟೆವು. ಹೆರಿಗೆ ಕಿಟ್ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದೆ. ಈಶ್ವರನಲ್ಲಿ ಬೇರೆ ಏನೂ ಕೇಳಲಿಲ್ಲ. ಇನ್ನೊಂದು ಗಂಟನ್ನು ನನ್ನ ಕೈಗೆ ಕೊಡಬೇಡ ಎಂದಷ್ಟೇ. ಅಜ್ಜಿಯ ಫೋನು ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

ಹಗರೆ ದಾಟಿ ಒಳರಸ್ತೆಗೆ ತಿರುಗಿದರೆ, ಒಂದು ಹಳ್ಳಿಯ ಹಾಲಿನ ಡೈರಿಯ ಮುಂದೆ ಹಾಲು ಸಾಗಿಸುವ ಗಾಡಿ ರಸ್ತೆಗೆ ಅಡ್ಡ ನಿಂತಿದೆ, ಸುತ್ತ ಜನವೋ ಜನ. ಡ್ರೈವರ್ ತಲೆ ಹೊರಹಾಕಿ ಅರಚಿದ:

"ಸೈಡ್ ಬಿಡ್ರಪ್ಪೋ, ಹೆರಿಗೆ ಕೇಸು!"

"ಹೆರಿಗೆ ಇಲ್ಲೇ ಐತೆ, ಇಳಿದು ಬನ್ರೀ!" ಎಂದಿತು ಗುಂಪು.

ನಾವು ಬರುವುದಿಲ್ಲವೆಂದು ಖಾತ್ರಿಯಾಗಿ, ಅಜ್ಜಿ ಊರಿಗೆ ಬಂದ ಹಾಲಿನ ಗಾಡಿಗೇ ಸೊಸೆಯನ್ನು ಹತ್ತಿಸಿದ್ದಳು. ಆ ಡ್ರೈವರೋ ರೂಢಿ ಬಿಡದೆ ದಾರಿಯ ಪ್ರತಿ ಡೈರಿಯಲ್ಲೂ ನಿಲ್ಲಿಸಿ ಕ್ಯಾನ್ ಹತ್ತಿಸಿಕೊಂಡಿದ್ದ. ಆದರೆ ನಿಂತಲ್ಲೆಲ್ಲ, ಹಾಲು ಹಾಕಲು ಬಂದಿದ್ದ ಅನುಭವಸ್ಥ ಹೆಂಗಸರು ತಂಬಿಗೆ ಪಕ್ಕಕ್ಕಿಟ್ಟು ತಾವೂ ಹತ್ತಿಕೊಂಡಿದ್ದರು. ಸೆರಗುಗಳನ್ನು ಅಡ್ಡ ಹಿಡಿದ ಆ ಹೆಂಗಸರ ನಡುವೆ ನುಗ್ಗಿದೆ. ಕ್ಯಾನುಗಳ ಸಂದಿಯಲ್ಲಿ ಕೂಸು ಆಗಷ್ಟೇ ಹೊರಬಂದಿತ್ತು. ಅಳುತ್ತಿರಲಿಲ್ಲ.

ಬಾಯಿ ಒರೆಸಿದೆ, ಬೆನ್ನು ಉಜ್ಜಿದೆ, ಅಂಗಾಲು ತಟ್ಟಿದೆ. ಆ ಹುಡುಗಿ ಬೆಳಿಗ್ಗೆ ನೋಡಿದ ಹಾಗೆಯೇ ನನ್ನ ಮುಖ ನೋಡುತ್ತಿದ್ದಳು. ಮತ್ತೆ ಉಜ್ಜಿದೆ. ಕೊನೆಗೆ ಕೂಸು ಕಿರುಚಿತು ನೋಡಿ, ನಮ್ಮ ಸೈರನ್ನೂ ನಾಚಬೇಕು! ಅಜ್ಜಿ ಕ್ಯಾನಿಗೆ ತಲೆಯೊರಗಿಸಿ ಬಿಕ್ಕಿದಳು.

ಹೊಕ್ಕುಳಬಳ್ಳಿ ಕತ್ತರಿಸಿ, ಕೂಸನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿದೆ. ತೂಕ ನೋಡಬೇಕಿತ್ತು. ಡೈರಿಯ ತಕ್ಕಡಿಯ ಮೇಲೆ ಮಲಗಿಸಿದೆವು. ಹಾಲಳೆದು ಅಳೆದು ಬಾಯಿಗೆ ರೂಢಿಯಾದ ಡೈರಿ ಸೆಕ್ರೆಟರಿ ಬಗ್ಗಿ ನೋಡಿ ಗಟ್ಟಿಯಾಗಿ ಕೂಗಿದ: "ಎರಡೂಮುಕ್ಕಾಲು ಲೀಟರ್!"

"ನೀರು ಬೆರೆಸಿಲ್ಲ ಕಣಪ್ಪ, ಗಟ್ಟಿ ಮಾಲು!" ಎಂದಳು ಒಬ್ಬಾಕೆ. ಅಜ್ಜಿಯೂ ಅಳುತ್ತಲೇ ನಕ್ಕಳು.

ಹಾಲಿನ ಗಾಡಿಯ ಡ್ರೈವರಿಗೆ ಕೈ ಮುಗಿದೆ. "ಇಲ್ಲಿ ಬಸ್ಸು ಬರಲ್ಲ, ನಾವೂ ಬರಕ್ಕಾಗಲ್ಲ. ನೀನು ಮಾತ್ರ ಅದು ಹ್ಯಾಗಪ್ಪ ದಿನಾ ಎರಡು ಹೊತ್ತೂ ತಪ್ಪದೆ ಬರ್ತೀಯ?"

ಅವನು ಸಂಕೋಚದಿಂದ ತಲೆ ಕೆರೆದುಕೊಂಡ. "ತಡ ಆದ್ರೆ ಹಾಲು ಕೆಟ್ಟೋಗುತ್ತೆ ಸಾರ್. ಜನ ಆದ್ರೆ ಕಾಯ್ತಾರೆ."

ಅವನು ಹಂಗಿಸಲು ಹೇಳಿದ್ದಲ್ಲ. ಅದಕ್ಕೇ ಇರಬೇಕು, ಅದು ಇನ್ನೂ ನನ್ನ ಎದೆಯಲ್ಲಿ ಕೂತಿದೆ.

ತಾಯಿ ಮಗುವನ್ನು ನಮ್ಮ ಗಾಡಿಯ ಸೀಟಿನ ಮೇಲೇ ಮಲಗಿಸಿಕೊಂಡು ಹೊರಡುವಾಗ, ಗುಂಪಿನಿಂದ ಇನ್ನೊಬ್ಬ ಹೆಂಗಸು ಬಂದಳು. ಕೈಯಲ್ಲಿ ಹಾಲಿನ ಪಾತ್ರೆ, ತುಂಬಿದ ಬಸುರಿ. ತುಂಬಾ ವಿನಯದಿಂದ ಕೇಳಿದಳು:

"ಅಣ್ಣ, ನಂಗೂ ಈ ತಿಂಗಳೇ. ಫೋನ್ ಮಾಡ್ತೀನಿ. ಆದ್ರೆ ನೀವು ಬರೋದ್ ಬ್ಯಾಡ, ಹಾಲಿನ ಗಾಡಿನೇ ಕಳ್ಸಿಬಿಡ್ತೀರಾ?"

ಇಷ್ಟು ಹೊತ್ತು ತಾಳ್ಮೆಯಿಂದ ಓದಿದ ನಿಮಗೆಲ್ಲ ಆ ಈಶ್ವರ ಆಯಸ್ಸು ಕೊಡಲಿ. ನಮ್ಮನ್ನು ಕರೆಯುವ ಸಂದರ್ಭ ನಿಮ್ಮ ಮನೆಗೆ ಬಾರದಿರಲಿ. ಬಂದೇ ಬಂದರೆ, ಹೊತ್ತಿಗೆ ಸರಿಯಾಗಿ ಯಾವುದೋ ಒಂದು ಗಾಡಿಯ ರೂಪದಲ್ಲಿ ಅವನೇ ನಿಮ್ಮ ಬಾಗಿಲಿಗೆ ಬರಲಿ.